ಎರಡು ಸಲ ಫಾರ್ಮ್ಯಾಟ್ ಮಾಡಿಸಿದರೂ ನೀಲಿ ಪರದೆ ಹೋಗಲಿಲ್ಲ, ಈಗ ಕಪ್ಪಾಗಿದೆ!

ಶಿರಸಿ_ಡಿಟಿಪಿ | ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಶಿರಸಿ ಹತ್ತಿರದ ಹಳ್ಳಿಯವಳು ನಾನು. ಮನೆಯಲ್ಲೇ ಡಿಟಿಪಿ ಕೆಲಸ. ಮದುವೆ, ಉಪನಯನ, ಗೃಹಪ್ರವೇಶದ ಕಾರ್ಡು, ಯಕ್ಷಗಾನದ ಕರಪತ್ರ, ಸೊಸೈಟಿಗಳ ವಾರ್ಷಿಕ ವರದಿ. ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡಿ ಹಳೇ ಪೇಜ್‌ಮೇಕರ್‌ನಲ್ಲಿ ಪುಟ ಕಟ್ಟುತ್ತೇನೆ. ನಗಬೇಡಿ, ನಾನು ಕೆಲಸ ಕೊಡುವ ಪ್ರೆಸ್‌ನವರು ಇವತ್ತಿಗೂ ಅದನ್ನೇ ಕೇಳುತ್ತಾರೆ.

ಕಂಪ್ಯೂಟರ್ 2019ರಲ್ಲಿ ಅಸೆಂಬಲ್ ಮಾಡಿಸಿದ್ದು. ಐ5 9400 ಪ್ರೊಸೆಸರ್, ಎಚ್310 ಮದರ್‌ಬೋರ್ಡ್, 8 ಜಿಬಿ ರ‍್ಯಾಮ್, 240 ಜಿಬಿ ಎಸ್‌ಎಸ್‌ಡಿ, ಜೊತೆಗೆ 1 ಟಿಬಿ ಹಾರ್ಡ್ ಡಿಸ್ಕ್. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಈ ಏಪ್ರಿಲ್‌ನಲ್ಲಿ ಮದುವೆ ಸೀಸನ್ ದುಡ್ಡು ಬಂತು ಅಂತ ಇನ್ನೊಂದು 8 ಜಿಬಿ ಹಾಕಿಸಿದೆ.

ತೊಂದರೆ ಶುರುವಾಗಿದ್ದು ಮಳೆ ಹಿಡಿದ ಮೇಲೆ. ಪುಟ ಕಟ್ಟುತ್ತಾ ಇರುತ್ತೇನೆ, ಇದ್ದಕ್ಕಿದ್ದಂತೆ ಪರದೆ ಪೂರ್ತಿ ನೀಲಿ. ಒಂದು ಸಪ್ಪೆ ಮುಖ, ಕೆಳಗೆ ಏನೋ ಇಂಗ್ಲಿಷು. ಓದುವಷ್ಟರಲ್ಲಿ ರೀಸ್ಟಾರ್ಟ್. ಕೆಲವು ದಿನ ಬರುವುದೇ ಇಲ್ಲ, ಕೆಲವು ದಿನ ತಿಂಡಿಗೆ ಮುಂಚೆಯೇ ಎರಡು ಸಲ. ಬೆಳಿಗ್ಗೆ ಆನ್ ಮಾಡಿದ ಅರ್ಧ ಗಂಟೆಯೊಳಗೆ ಜಾಸ್ತಿ, ಮಧ್ಯಾಹ್ನದ ಮೇಲೆ ಕಡಿಮೆ ಅಂತ ನನಗೆ ಅನಿಸುತ್ತದೆ.

ಪೇಟೆಯ ಅಂಗಡಿಗೆ ಒಯ್ದೆ. ಬಸ್ಸಿನಲ್ಲಿ ಸಿಪಿಯು ತೊಡೆ ಮೇಲೆ ಇಟ್ಟುಕೊಂಡು, ಮೇಲೆ ಪ್ಲಾಸ್ಟಿಕ್ ಕೊಪ್ಪೆ ಹೊದಿಸಿ. ಫಾರ್ಮ್ಯಾಟ್ ಮಾಡಿ 500 ತಗೊಂಡರು. ಎಂಟು ದಿನ ಸರಿ ಇತ್ತು. ಮತ್ತೆ ಅದೇ ಕಥೆ. ಎರಡನೇ ಸಲ ವಿಂಡೋಸ್ 11 ಹಾಕಿ 700 ತಗೊಂಡರು. ಹೊರಡುವಾಗ, "ಆ ಹಳೇ ಕನ್ನಡ ಸಾಫ್ಟ್‌ವೇರ್ ಹಾಕ್ತೀರಲ್ಲ ಮೇಡಂ, ಅದಕ್ಕೇ ಹೀಗೆ" ಅಂದರು. ನನಗೆ ಸಿಟ್ಟು ಬಂತು. ನುಡಿ ತೆಗೆದರೆ ನಾನು ಮಾಡುವುದಾದರೂ ಏನು?

ಈಗ ಪರದೆ ನೀಲಿ ಅಲ್ಲ, ಕಪ್ಪು. ಸಪ್ಪೆ ಮುಖವೂ ಇಲ್ಲ. ರೋಗ ಹೆಚ್ಚಾಯಿತೋ, ಬೇರೆ ರೋಗವೋ?

ಆಷಾಢ, ಹಾಗಾಗಿ ಮದುವೆ ಕಾರ್ಡು ಇಲ್ಲ. ಆದರೆ ಒಂದು ಸೊಸೈಟಿಯ ವಾರ್ಷಿಕ ವರದಿ ಕೈಯಲ್ಲಿದೆ. 64 ಪುಟ, ಅದರಲ್ಲಿ ಅರ್ಧ ಬರೀ ಅಂಕಿ. ಕಳೆದ ವಾರ ಪೆನ್‌ಡ್ರೈವ್‌ನಲ್ಲಿ ಕಳಿಸಿದ ಇನ್ನೊಂದು ಪಿಡಿಎಫ್ ಪ್ರೆಸ್‌ನಲ್ಲಿ ತೆರೆಯಲೇ ಇಲ್ಲ. ಇದಕ್ಕೂ ಅದಕ್ಕೂ ಸಂಬಂಧ ಇದೆಯೋ ಇಲ್ಲವೋ, ಸುಮ್ನೆ ಹೇಳಿದೆ. ಯಾರೋ ಹೇಳಿದ್ದಕ್ಕೆ, ವಿಂಡೋಸ್ ತನ್ನ ಫೈಲುಗಳನ್ನು ತಾನೇ ಪರೀಕ್ಷಿಸಿಕೊಳ್ಳುವ ಎಸ್‌ಎಫ್‌ಸಿ ಸ್ಕ್ಯಾನ್ ಕೂಡ ಓಡಿಸಿದೆ. "ಹಾಳಾದ ಫೈಲು ಸಿಕ್ಕಿತು, ಸರಿ ಮಾಡಿದ್ದೇನೆ" ಅಂತ ಬಂತು. ಎರಡು ದಿನ ಬಿಟ್ಟು ಓಡಿಸಿದರೆ ಮತ್ತೆ ಅದೇ ಮಾತು.

ಮೂರನೇ ಸಲ ಫಾರ್ಮ್ಯಾಟ್‌ಗೆ ದುಡ್ಡು ಕೊಡುವ ಮೊದಲು ಇಲ್ಲಿ ಕೇಳೋಣ ಅಂತ ಬಂದೆ.

---

ಬ್ಯಾಟರಿ_ಬಸ್ಯಾ | ಭಾನುವಾರ ರಾತ್ರಿ 9:52

ಅಕ್ಕಾರ, ಒಮ್ಮೆ ಚೆನ್ನಾಗಿ ಫಾರ್ಮ್ಯಾಟ್ ಹೊಡೆಸಿ ಒರಿಜಿನಲ್ ವಿಂಡೋಸ್ ಹಾಕಿಸಿರಿ. ಎಲ್ಲಾ ಸರಿ ಹೋಗುತ್ತದೆ.

---

ಶಿರಸಿ_ಡಿಟಿಪಿ | ಭಾನುವಾರ ರಾತ್ರಿ 9:58

ತಮ್ಮಾ, ತಲೆಬರಹ ಆದರೂ ಓದಬೇಕಿತ್ತು.

---

ರಾತ್ರಿಪಾಳಿ | ಭಾನುವಾರ ರಾತ್ರಿ 11:35

ಮೊದಲು ಬಣ್ಣದ ವಿಷಯ. ಹೆದರಬೇಡಿ, ರೋಗ ಅದೇ, ಅಂಗಿ ಬೇರೆ. ಮೈಕ್ರೋಸಾಫ್ಟ್‌ನವರು 2025ರಲ್ಲಿ ವಿಂಡೋಸ್ 11ರ ಆ ಪರದೆಯನ್ನು ಕಪ್ಪು ಮಾಡಿದರು. ಸಪ್ಪೆ ಮುಖವನ್ನೂ ಕ್ಯೂಆರ್ ಕೋಡನ್ನೂ ತೆಗೆದರು. ನಿಮ್ಮ ಅಂಗಡಿಯವರು ಹೊಸ ಆವೃತ್ತಿ ಹಾಕಿದ್ದಾರೆ, ಅಷ್ಟೇ.

ಎರಡನೆಯದು ನುಡಿ. ನುಡಿ ತಪ್ಪು ಮಾಡಿದರೆ ನುಡಿ ಮುಚ್ಚಿಕೊಳ್ಳುತ್ತದೆ, ಇಲ್ಲವೇ ಪೇಜ್‌ಮೇಕರ್ ಮುಚ್ಚಿಕೊಳ್ಳುತ್ತದೆ. ಇಡೀ ವಿಂಡೋಸನ್ನು ಬೀಳಿಸುವಷ್ಟು ಅಧಿಕಾರ ಅದಕ್ಕೆ ಇಲ್ಲ. ಟೈಪ್ ಮಾಡುವ, ಹಾಡು ಹಾಕುವ, ಬ್ರೌಸರ್ ತೆರೆಯುವ ತಂತ್ರಾಂಶಗಳೆಲ್ಲ ಹೊರಗಿನ ಜಗುಲಿಯಲ್ಲಿ ಕೂತವು. ಒಳಮನೆಗೆ ಹೋಗುವ ಹಕ್ಕು ಇರುವುದು ಕರ್ನಲ್‌ಗೆ (ವಿಂಡೋಸಿನ ತಿರುಳು) ಮತ್ತು ಡ್ರೈವರ್‌ಗಳಿಗೆ (ಯಂತ್ರದ ಭಾಗಗಳನ್ನು ನಡೆಸುವ ಪುಟ್ಟ ತಂತ್ರಾಂಶಗಳು). ಅಲ್ಲಿ ಎಡವಟ್ಟಾದರೆ ಮಾತ್ರ ವಿಂಡೋಸ್ ಎಲ್ಲ ಕೆಲಸ ನಿಲ್ಲಿಸಿ ಆ ಪರದೆ ತೋರಿಸುತ್ತದೆ. ಮುಂದುವರಿದರೆ ನಿಮ್ಮ ಡಿಸ್ಕ್ ಮೇಲಿನ ಫೈಲುಗಳೇ ಕೆಡಬಹುದು ಅಂತ ತಾನಾಗಿ ನಿಲ್ಲುವುದು ಅದು.

2024ರ ಜುಲೈ 19 ನೆನಪಿದೆಯಾ? ಒಂದು ಸೆಕ್ಯುರಿಟಿ ತಂತ್ರಾಂಶದ ತಪ್ಪು ಅಪ್‌ಡೇಟ್‌ನಿಂದ ಪ್ರಪಂಚದಲ್ಲಿ ಸುಮಾರು 85 ಲಕ್ಷ ಕಂಪ್ಯೂಟರ್‌ಗಳು ಒಂದೇ ದಿನ ನೀಲಿಯಾದವು. ಅದು ಹೀಗೆ ಒಳಮನೆಯಲ್ಲಿ ಕೂತಿದ್ದ ತಂತ್ರಾಂಶ. ಅವತ್ತು ನಾನು ಬೆಂಗಳೂರಿನ ಆಫೀಸಿನಲ್ಲಿ ಒಂದೊಂದೇ ಲ್ಯಾಪ್‌ಟಾಪ್ ಸೇಫ್ ಮೋಡ್‌ಗೆ ತಂದು ಒಂದು ಫೈಲು ಅಳಿಸುತ್ತಾ ಕೂತಿದ್ದೆ. ಬೆಳಗಾಗುವವರೆಗೂ.

ಒಂದು ಪ್ರಶ್ನೆ. ಡಾಂಗಲ್ (ಪೆನ್‌ಡ್ರೈವ್‌ನಂಥ ಲೈಸೆನ್ಸ್ ಕೀಲಿ) ಚುಚ್ಚಿ ಬಳಸುವ ಹಳೇ ಡಿಟಿಪಿ ಸಾಫ್ಟ್‌ವೇರ್ ಏನಾದರೂ ಇದೆಯಾ? ಆ ಡಾಂಗಲ್‌ಗೆ ಒಂದು ಡ್ರೈವರ್ ಇರುತ್ತದೆ, ಹಳೆಯದಾದರೆ ಅದು ನಿಜಕ್ಕೂ ತೊಂದರೆ ಕೊಡಬಲ್ಲದು.

ಇನ್ನು ಪರದೆ ಮೇಲಿನ ಇಂಗ್ಲಿಷು. ಅದರಲ್ಲಿ "ಸ್ಟಾಪ್ ಕೋಡ್" ಅಂತ ಒಂದು ಸಾಲು ಇರುತ್ತದೆ. ಅದನ್ನು ಓದದೆ ಫಾರ್ಮ್ಯಾಟ್ ಮಾಡುವುದು, ಜ್ವರ ಎಷ್ಟಿದೆ ನೋಡದೆ ಇಂಜೆಕ್ಷನ್ ಕೊಟ್ಟ ಹಾಗೆ. ಓದಲು ಸಮಯ ಸಿಗುತ್ತಿಲ್ಲ ಅಂದಿರಿ. ಹಳೆಯದನ್ನೂ ನೋಡಬಹುದು. ಸ್ಟಾರ್ಟ್ ಮೇಲೆ ಬಲ ಕ್ಲಿಕ್ ಮಾಡಿ ಈವೆಂಟ್ ವ್ಯೂವರ್ ತೆರೆಯಿರಿ. ವಿಂಡೋಸ್ ಲಾಗ್ಸ್, ಅದರೊಳಗೆ ಸಿಸ್ಟಮ್. ಅಲ್ಲಿ ಕರ್ನಲ್ ಪವರ್ 41 ಅಂತ ಕೆಂಪು ಗುರುತಿನ ಸಾಲುಗಳು ಇರುತ್ತವೆ. ಒಂದೊಂದನ್ನೂ ತೆರೆದು ಡೀಟೇಲ್ಸ್‌ಗೆ ಹೋಗಿ "ಬಗ್‌ಚೆಕ್ ಕೋಡ್" ಎದುರಿಗಿರುವ ಸಂಖ್ಯೆ ಬರೆದುಕೊಳ್ಳಿ. ಜೊತೆಗೆ ಸಿ ಡ್ರೈವ್‌ನಲ್ಲಿ ವಿಂಡೋಸ್ ಫೋಲ್ಡರ್ ಒಳಗೆ ಮಿನಿಡಂಪ್ ಅಂತ ಒಂದು ಫೋಲ್ಡರ್ ಇದೆಯಾ ನೋಡಿ. ವಿಂಡೋಸ್ ಬಿದ್ದಾಗಿನ ದಾಖಲೆ ಅಲ್ಲಿ ಇರುತ್ತದೆ.

---

ತುಂಗಾತೀರದ_ಮಳೆ | ಸೋಮವಾರ ಬೆಳಿಗ್ಗೆ 6:20

ಅಕ್ಕಾ, ನಾನು ತೀರ್ಥಹಳ್ಳಿ ಕಡೆಯವನು. ಕೋಡ್ ಗೀಡ್ ಆಮೇಲೆ. ಸಿಪಿಯು ಎಲ್ಲಿ ಇಟ್ಟಿದ್ದೀರಿ? ನೆಲದ ಮೇಲಾ?

ಕಪಾಟಿನಲ್ಲಿ ಮಡಿಸಿಟ್ಟ ಸೀರೆಗೇ ಬೂಷ್ಟು ಹಿಡಿಯುವ ಊರು ನಮ್ಮದು, ಬೋರ್ಡಿಗೆ ಹಿಡಿಯುವುದಿಲ್ಲವೇ? ಎರಡು ವರ್ಷದ ಹಿಂದೆ ನನ್ನ ಕಂಪ್ಯೂಟರ್ ಬಿಚ್ಚಿದಾಗ ಸ್ಪೀಕರ್ ಚುಚ್ಚುವ ತೂತಿನಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು. ಆರು ತಿಂಗಳಿಂದ ಸೌಂಡ್ ಕಾರ್ಡ್ ಹೋಯಿತು ಅಂದುಕೊಂಡಿದ್ದೆ.

---

ಬ್ಯಾಟರಿ_ಬಸ್ಯಾ | ಸೋಮವಾರ ಬೆಳಿಗ್ಗೆ 8:05

ಓದಿದೆ ಅಕ್ಕಾರ, ತಪ್ಪಾಯಿತು. ಆದರೆ ಕರ್ನಲ್ ಪವರ್ ಅಂತ ಹೆಸರಲ್ಲೇ ಪವರ್ ಇದೆಯಲ್ಲ. ಒಳಗೆ ಕರೆಂಟ್ ಹಂಚುವ ಡಬ್ಬಿ ಇರುತ್ತದಲ್ಲ, ಎಸ್‌ಎಂಪಿಎಸ್, ಅದನ್ನು ನೋಡಿಸಿರಿ. ಕ್ಯಾಬಿನೆಟ್ ಜೊತೆ ಫ್ರೀ ಬಂದದ್ದಾದರೆ ನಂಬಬೇಡಿ. ಮಳೆಗಾಲದಲ್ಲಿ ನಮ್ಮ ಕಡೆಯೂ ಕರೆಂಟ್ ಏರಿಳಿತ ಜಾಸ್ತಿ. ಯುಪಿಎಸ್ ಇದೆಯೋ ಇಲ್ಲವೋ?

---

ಶಿರಸಿ_ಡಿಟಿಪಿ | ಸೋಮವಾರ ಮಧ್ಯಾಹ್ನ 3:15

ಬೆಳಿಗ್ಗೆ ಯಜಮಾನರು ಅಡಿಕೆಗೆ ಬೋರ್ಡೋ ಔಷಧಿ ಹೊಡೆಸಲು ತೋಟಕ್ಕೆ ಹೋದರು, ನಾನು ಈವೆಂಟ್ ವ್ಯೂವರ್‌ಗೆ ಹೋದೆ. ಹೇಳಿದ ಸಾಲು ಸಿಕ್ಕಿತು. ಹಳೇ ಮದುವೆ ಕಾರ್ಡಿನ ಹಿಂದೆ ಬರೆದುಕೊಂಡಿದ್ದೇನೆ. ಎರಡನೇ ಫಾರ್ಮ್ಯಾಟ್ ಆದಮೇಲಿನವು ಇವು, ಒಟ್ಟು ಏಳು: 26, 80, 0, 26, 10, 0, 59.

ಏಳರಲ್ಲಿ ಐದು ನಮೂನೆ! ಎಷ್ಟು ರೋಗ ಇದೆ ನನ್ನ ಕಂಪ್ಯೂಟರ್‌ಗೆ?

ಮಿನಿಡಂಪ್ ಫೋಲ್ಡರ್ ಇಲ್ಲ. ಡಾಂಗಲ್ ಇಲ್ಲ, ನುಡಿ ಒಂದೇ. ಯುಪಿಎಸ್ ಇದೆ, ಆದರೆ ಕರೆಂಟ್ ಹೋದರೆ ಕೀ ಅಂತ ಒಮ್ಮೆ ಕೂಗಿ ಸುಮ್ಮನಾಗುತ್ತದೆ. ಸಿಪಿಯು ನೆಲದ ಮೇಲೇ ಇದೆ, ಟೇಬಲ್ ಕೆಳಗೆ. ಕೆಂಪು ಗಾರೆ ನೆಲ. ಹೌದು, ಮಳೆಗಾಲದಲ್ಲಿ ಬೆವರುತ್ತದೆ. ಕಾಲಿಟ್ಟರೆ ತಣ್ಣಗೆ ಅಂಟುತ್ತದೆ.

---

ಹಳೇಪೆಂಟಿಯಂ | ಸೋಮವಾರ ಸಂಜೆ 7:30

ಮೇಡಂ, ಮೈಸೂರಿನಲ್ಲಿ 22 ವರ್ಷ ಹಾರ್ಡ್‌ವೇರ್ ರಿಪೇರಿ ಮಾಡಿದವನು ನಾನು. ನಿಮ್ಮ ಕಾರ್ಡಿನ ಹಿಂದೆ ಬರೆದದ್ದನ್ನು ನೋಡಿ ಖುಷಿಯಾಯಿತು. ಗಿರಾಕಿ ಇಷ್ಟು ಬರೆದು ತಂದಿದ್ದರೆ ನನ್ನ ಅರ್ಧ ಆಯುಸ್ಸು ಉಳಿಯುತ್ತಿತ್ತು.

ಐದು ರೋಗ ಅಲ್ಲ. ಹೆಚ್ಚೆಂದರೆ ಎರಡು.

ಮೊದಲು ಆ ಎರಡು ಸೊನ್ನೆ ತೆಗೆದಿಡಿ. ಸೊನ್ನೆ ಇದ್ದರೆ ವಿಂಡೋಸ್‌ಗೆ ತಾನು ಸಾಯುತ್ತಿದ್ದೇನೆ ಅಂತಲೇ ತಿಳಿಯಲಿಲ್ಲ ಅಂತ ಅರ್ಥ. ಹೆಚ್ಚಾಗಿ ಕರೆಂಟ್ ಹೋದದ್ದು. ಆ ಎರಡು ದಿನ ಕರೆಂಟ್ ಹೋಗಿತ್ತಾ ಅಂತ ನೆನಪು ಮಾಡಿಕೊಳ್ಳಿ. ನಿಮ್ಮ ಯುಪಿಎಸ್ ಬ್ಯಾಟರಿ ಸತ್ತಿದೆ, ಅದು ಬೇರೆ ಖರ್ಚು. ಬಸ್ಯಾ ಅವರೇ, 41 ಅಂದರೆ "ಸರಿಯಾಗಿ ಮುಚ್ಚದೆ ನಿಂತು ಹೋಗಿತ್ತು" ಅಂತ ಮಾತ್ರ. ಕಾರಣ ಪವರ್ರೇ ಆಗಬೇಕಿಲ್ಲ. ಎಸ್‌ಎಂಪಿಎಸ್ ಕೈಕೊಟ್ಟರೆ ಸಾಮಾನ್ಯವಾಗಿ ಪರದೆ ತೋರಿಸಲೂ ಪುರುಸೊತ್ತು ಇರುವುದಿಲ್ಲ, ಟಪ್ ಅಂತ ಆಫ್.

ಉಳಿದ ಐದು ನಿಜವಾದ ಕ್ರ್ಯಾಶ್. ಈವೆಂಟ್ ವ್ಯೂವರ್ ಇದನ್ನು ನಮ್ಮ ಹತ್ತರ ಲೆಕ್ಕದಲ್ಲಿ ತೋರಿಸುತ್ತದೆ, ಪರದೆಯ ಕೋಡ್ ಹದಿನಾರರ ಲೆಕ್ಕದ್ದು. 26 ಅಂದರೆ 1ಎ, ಅದು ಮೆಮೊರಿ ಮ್ಯಾನೇಜ್‌ಮೆಂಟ್. 80 ಅಂದರೆ 50, ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ. 10 ಅಂದರೆ ಎ, ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್. 59 ಅಂದರೆ 3ಬಿ, ಸಿಸ್ಟಮ್ ಸರ್ವಿಸ್ ಎಕ್ಸೆಪ್ಷನ್. ಬಾಯಿಪಾಠ ಬೇಡ. ಇಷ್ಟು ನೆನಪಿರಲಿ: ಡ್ರೈವರ್ ಕೆಟ್ಟಿದ್ದರೆ ಅದು ಹಠಮಾರಿ, ಸಾಮಾನ್ಯವಾಗಿ ಅದೇ ಕೋಡ್, ಅದೇ ಫೈಲ್ ಹೆಸರು ಮತ್ತೆ ಮತ್ತೆ ಬರುತ್ತದೆ. ಒಂದೊಂದು ಸಲ ಒಂದೊಂದು ಕೋಡ್ ಬಂದರೆ ನನ್ನ ಕೈ ಮೊದಲು ಹೋಗುವುದು ರ‍್ಯಾಮ್‌ಗೆ. ರ‍್ಯಾಮ್‌ನಲ್ಲಿ ಒಂದು ಜಾಗ ಕೆಟ್ಟಿದ್ದರೆ, ಆ ಹೊತ್ತಿಗೆ ಅಲ್ಲಿ ಯಾರು ಕೂತಿದ್ದರೋ ಅವರು ಬೀಳುತ್ತಾರೆ. ಒಮ್ಮೆ ಡ್ರೈವರ್, ಒಮ್ಮೆ ಕರ್ನಲ್, ಒಮ್ಮೆ ನಿಮ್ಮ ಪಿಡಿಎಫ್.

ಆ ಪಿಡಿಎಫ್ ವಿಷಯ ಸುಮ್ನೆ ಹೇಳಿದೆ ಅಂದಿರಲ್ಲ, ನನಗೆ ಅದೇ ದೊಡ್ಡ ಸುಳಿವು. ಎಸ್‌ಎಫ್‌ಸಿ ಎರಡೆರಡು ಸಲ ಹಾಳು ಫೈಲು ಹಿಡಿದದ್ದೂ ಹಾಗೇ. ಡಿಸ್ಕ್‌ಗೆ ಹೋಗುವ ಪ್ರತಿ ಫೈಲೂ ರ‍್ಯಾಮ್ ದಾಟಿ ಹೋಗಬೇಕು. ದಾರಿಯೇ ಕೆಟ್ಟಿದ್ದರೆ ಫಾರ್ಮ್ಯಾಟ್ ಮಾಡಿ ಹಾಕುವ ಹೊಸ ವಿಂಡೋಸ್ ಕೂಡ ಗಾಯ ಮಾಡಿಕೊಂಡೇ ಒಳಗೆ ಬರುತ್ತದೆ. ನಿಮ್ಮ 1,200 ರೂಪಾಯಿ ಹೋದದ್ದು ಹೀಗೆ.

ಮಿನಿಡಂಪ್ ಇಲ್ಲದ್ದಕ್ಕೂ ಕಾರಣ ಇರಬೇಕು. ಕ್ರ್ಯಾಶ್ ಆದಾಗ ವಿಂಡೋಸ್ ತನ್ನ ಮರಣಪತ್ರವನ್ನು ಮೊದಲು ಪೇಜ್‌ಫೈಲ್‌ನಲ್ಲಿ (ಮೆಮೊರಿ ಸಾಲದಾದಾಗ ಬಳಸಲು ಡಿಸ್ಕ್ ಮೇಲೆ ಇಡುವ ಫೈಲು) ಬರೆದಿಡುತ್ತದೆ, ಮುಂದಿನ ಸಲ ಆನ್ ಆದಾಗ ಅಲ್ಲಿಂದ ಎತ್ತಿ ಫೈಲು ಮಾಡುತ್ತದೆ. ಪೇಜ್‌ಫೈಲ್ ಯಾರಾದರೂ ತೆಗೆದಿದ್ದಾರಾ?

ಈಗ ಕೆಲಸ. ವಿಂಡೋಸ್ ಜೊತೆ ಬರುವ ಮೆಮೊರಿ ಪರೀಕ್ಷೆ ಬೇಡ. ಅದು ಮೇಲೋಟಕ್ಕೆ ನೋಡುತ್ತದೆ, ಎಷ್ಟೋ ಸಲ ಕೆಟ್ಟ ರ‍್ಯಾಮನ್ನೂ ಪಾಸು ಮಾಡಿದೆ. ಮೆಮ್‌ಟೆಸ್ಟ್86 ಇಳಿಸಿಕೊಂಡು ಒಂದು ಖಾಲಿ ಪೆನ್‌ಡ್ರೈವ್‌ಗೆ ಹಾಕಿ, ಅದರಿಂದ ಬೂಟ್ ಮಾಡಿ. ಉಚಿತ ಆವೃತ್ತಿ ನಾಲ್ಕು ಸುತ್ತು ಓಡುತ್ತದೆ. 16 ಜಿಬಿಗೆ ಗಂಟೆಗಟ್ಟಲೆ ಬೇಕು. ರಾತ್ರಿ ಹಚ್ಚಿಟ್ಟು ಮಲಗಿ. ಒಂದೇ ಒಂದು ಎರರ್ ಬಂದರೂ ಫೇಲ್. ಇಲ್ಲಿ ಜಸ್ಟ್ ಪಾಸ್ ಅನ್ನುವುದು ಇಲ್ಲ.

---

ಶಿರಸಿ_ಡಿಟಿಪಿ | ಮಂಗಳವಾರ ಬೆಳಿಗ್ಗೆ 6:10

ಸರ್, 213 ಎರರ್! ಎರಡನೇ ಸುತ್ತಿನಲ್ಲೇ ಶುರುವಾಗಿತ್ತು. ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲೇ ನೋಡಿದೆ. ಕೆಟ್ಟ ಸುದ್ದಿಗೆ ಇಷ್ಟು ಸಮಾಧಾನ ಆದದ್ದು ಇದೇ ಮೊದಲು.

ಪೇಜ್‌ಫೈಲ್ ತೆಗೆದವಳು ನಾನೇ. "ಎಸ್‌ಎಸ್‌ಡಿ ಬೇಗ ಸವೆಯದಿರಲು ಹೀಗೆ ಮಾಡಿ" ಅಂತ ಒಂದು ವಿಡಿಯೋ ನೋಡಿದ್ದೆ. ಎರಡು ಫಾರ್ಮ್ಯಾಟ್ ಆದಮೇಲೂ ಮರೆಯದೆ ಮಾಡಿದ್ದೇನೆ. ಈಗ ವಾಪಸ್ ಆಟೋಮ್ಯಾಟಿಕ್‌ಗೆ ಇಟ್ಟೆ. ಸೊನ್ನೆ ಬಂದ ದಿನಗಳ ಲೆಕ್ಕವೂ ಸರಿ. ಒಂದು ದಿನ ಲೈನ್ ಮೇಲೆ ಮರ ಬಿದ್ದಿತ್ತು, ಇನ್ನೊಂದು ದಿನ ಸಿಡಿಲು.

ಹಾಗಾದರೆ ಏಪ್ರಿಲ್‌ನಲ್ಲಿ ಹಾಕಿಸಿದ ಹೊಸ ರ‍್ಯಾಮ್ ಕೆಟ್ಟದ್ದು, ಅಲ್ವಾ? ಹಳೆಯದು 2666, ಹೊಸದು 3200 ಅಂತ ಬರೆದಿದೆ. ಕಂಪನಿಯೂ ಬೇರೆ. ವಾಪಸ್ ಕೊಡುತ್ತೇನೆ.

---

ಹಳೇಪೆಂಟಿಯಂ | ಮಂಗಳವಾರ ಬೆಳಿಗ್ಗೆ 9:00

ತಡೆಯಿರಿ. ಇಲ್ಲೇ ಎಲ್ಲರೂ ಜಾರುವುದು.

ವೇಗ ಬೇರೆ ಇದ್ದರೆ ತೊಂದರೆ ಆಗಲೇಬೇಕು ಅಂತಿಲ್ಲ. ನಿಮ್ಮ ಬೋರ್ಡು ಎರಡನ್ನೂ 2666ಕ್ಕೆ ಇಳಿಸಿಯೇ ಓಡಿಸುತ್ತದೆ. ಜೋಡಿ ಹೊಂದದೆ ಇರುವುದೂ ಉಂಟು. ಆದರೆ ನೋಡದೆ ಹೇಳಬಾರದು.

ನಿಮ್ಮ ಹತ್ತಿರ ಮೆಮೊರಿಯ ಎರಡು ಕಡ್ಡಿ, ಅವನ್ನು ಚುಚ್ಚಲು ಬೋರ್ಡಿನಲ್ಲಿ ಎರಡು ಸ್ಲಾಟ್ ಇವೆ. ನಾಲ್ಕು ಪರೀಕ್ಷೆ ಮಾಡಿ, ಪ್ರತಿ ಸಲ ಒಂದೇ ಕಡ್ಡಿ ಹಾಕಿ. ಹಳೆಯದು ಒಂದನೇ ಸ್ಲಾಟ್‌ನಲ್ಲಿ, ಹೊಸದು ಒಂದನೇ ಸ್ಲಾಟ್‌ನಲ್ಲಿ. ಆಮೇಲೆ ಎರಡನ್ನೂ ಒಂದೊಂದಾಗಿ ಎರಡನೇ ಸ್ಲಾಟ್‌ನಲ್ಲಿ. ತಪ್ಪು ಕಡ್ಡಿಯ ಹಿಂದೆ ಹೋಗುತ್ತದೋ ಸ್ಲಾಟ್ ಹಿಂದೆ ಹೋಗುತ್ತದೋ ನೋಡಿ.

ಬಿಚ್ಚುವ ಮೊದಲು ಆಫ್ ಮಾಡಿ ವೈರ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ಕರೆಂಟ್ ಇಳಿಯಲಿ. ಕ್ಯಾಬಿನೆಟ್‌ನ ಬಣ್ಣ ಇಲ್ಲದ ಕಬ್ಬಿಣ ಮುಟ್ಟಿ ಆಮೇಲೆ ರ‍್ಯಾಮ್ ಮುಟ್ಟಿ. ಬಂಗಾರದ ಬಣ್ಣದ ಅಂಚಿಗೆ ಬೆರಳು ತಾಗಿಸಬೇಡಿ. ಹಾಕುವಾಗ ಎರಡೂ ತುದಿ ಗಟ್ಟಿಯಾಗಿ ಒತ್ತಿ, ಕಟ್ ಅಂತ ಸದ್ದು ಬರಬೇಕು. ಹೆದರಿ ಮೆಲ್ಲಗೆ ಒತ್ತಿದರೆ ಅದೇ ಹೊಸ ತೊಂದರೆ.

---

ಶಿರಸಿ_ಡಿಟಿಪಿ | ಶುಕ್ರವಾರ ರಾತ್ರಿ 8:45

ಮೂರು ರಾತ್ರಿ, ಒಂದು ಹಗಲು. ಮನೆಯವರೆಲ್ಲ ನನಗೆ ಹುಚ್ಚು ಅಂದುಕೊಂಡಿದ್ದಾರೆ. ಅತ್ತೆಯವರು ಮಾತ್ರ ಟಾರ್ಚ್ ಹಿಡಿದರು.

ಹಳೆಯದು ಒಂದನೇ ಸ್ಲಾಟ್: ನಾಲ್ಕು ಸುತ್ತು, ಸೊನ್ನೆ ಎರರ್. ಹೊಸದು ಒಂದನೇ ಸ್ಲಾಟ್: ಸೊನ್ನೆ. ಹೊಸದು ಎರಡನೇ ಸ್ಲಾಟ್: 97. ಹಳೆಯದು ಎರಡನೇ ಸ್ಲಾಟ್: ಮೊದಲು ಡಿಸ್‌ಪ್ಲೇಯೇ ಬರಲಿಲ್ಲ, ಮತ್ತೆ ಒತ್ತಿ ಹಾಕಿದ ಮೇಲೆ ಬಂತು, 41 ಎರರ್.

ರ‍್ಯಾಮ್ ಎರಡೂ ಪಾಪದವು. ಎರಡನೇ ಸ್ಲಾಟ್ ಕಳ್ಳ. ಹೊಸ ರ‍್ಯಾಮ್ ವಾಪಸ್ ಕೊಟ್ಟು ಜಗಳ ಮಾಡಿದ್ದರೆ ನನ್ನ ಮಾನ ಹೋಗುತ್ತಿತ್ತು.

ಆಮೇಲೆ ನನಗೇ ಹೊಳೆಯಿತು. 2019ರಿಂದ ಏಪ್ರಿಲ್‌ವರೆಗೆ ಆ ಸ್ಲಾಟ್ ಖಾಲಿ ಇತ್ತು. ಅಷ್ಟೂ ಮಳೆಗಾಲ ಬಾಯಿ ತೆರೆದುಕೊಂಡು, ಬೆವರುವ ನೆಲದಿಂದ ಒಂದು ಗೇಣು ಮೇಲೆ. ಟಾರ್ಚ್ ಬಿಟ್ಟು ನೋಡಿದರೆ ಒಂದನೆಯದರ ತಂತಿಗಳು ಹೊಳೆಯುತ್ತವೆ, ಎರಡನೆಯದು ಮಂಕು. ಒಂದು ತುದಿಯಲ್ಲಿ ಬಿಳಿ ಹುಡಿ. ದೂಳಲ್ಲ, ಊದಿದರೆ ಹೋಗುವುದಿಲ್ಲ.

ಬೋರ್ಡ್ ಬದಲಿಸಬೇಕಾ?

---

ತುಂಗಾತೀರದ_ಮಳೆ | ಶುಕ್ರವಾರ ರಾತ್ರಿ 9:05

ಹೇಳಿದ್ದೆನಲ್ಲ! ಬೂಷ್ಟು!

---

ಬ್ಯಾಟರಿ_ಬಸ್ಯಾ | ಶುಕ್ರವಾರ ರಾತ್ರಿ 9:20

ಪೆನ್ಸಿಲ್ ರಬ್ಬರ್ ತಗೊಂಡು ರ‍್ಯಾಮಿನ ಅಂಚು ಉಜ್ಜಿರಿ ಅಕ್ಕಾರ. ಇದಂತೂ ನಾನೇ ಮಾಡಿ ನೋಡಿದ್ದು.

---

ಹಳೇಪೆಂಟಿಯಂ | ಶುಕ್ರವಾರ ರಾತ್ರಿ 10:10

ರಬ್ಬರ್ ನಾನೂ ಸಾವಿರ ಸಲ ಉಜ್ಜಿದ್ದೇನೆ, ಸುಳ್ಳು ಹೇಳುವುದಿಲ್ಲ. ಆದರೆ ಬಂಗಾರದ ಲೇಪ ತೆಳ್ಳಗಿರುತ್ತದೆ, ಉಜ್ಜಿದಷ್ಟೂ ಸವೆಯುತ್ತದೆ. ರಬ್ಬರ್ ಪುಡಿ ಸ್ಲಾಟ್ ಒಳಗೆ ಬಿದ್ದರೆ ಇನ್ನೊಂದು ತಲೆನೋವು. ಇಲ್ಲಿ ಕೊಳೆ ಇರುವುದು ಸ್ಲಾಟ್‌ನಲ್ಲಿ, ಅಲ್ಲಿಗೆ ರಬ್ಬರ್ ಹೋಗುವುದೂ ಇಲ್ಲ.

ಬೋರ್ಡ್ ಈಗಲೇ ಬೇಡ. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಐಪಿಎ ಅಂತ ಕೇಳಿ, ಐಸೋಪ್ರೊಪೈಲ್ ಆಲ್ಕೋಹಾಲ್. 99 ಶೇಕಡಾದ್ದು ಬೇಕು. ಸ್ಯಾನಿಟೈಸರ್ ಬೇಡ, ಸೆಂಟು ಬೇಡ, ನೀರಂತೂ ಬೇಡವೇ ಬೇಡ. ಹೊಸ ಮೆತ್ತನೆ ಹಲ್ಲುಜ್ಜುವ ಬ್ರಷ್ ತಗೊಂಡು, ಐಪಿಎಯಲ್ಲಿ ಅದ್ದಿ, ಸ್ಲಾಟ್‌ನ ಉದ್ದಕ್ಕೆ ಮೆಲ್ಲಗೆ ಎಳೆಯಿರಿ. ಒತ್ತಿ ಉಜ್ಜಿದರೆ ತಂತಿ ಬಗ್ಗಬಹುದು. ಎರಡು ಮೂರು ಸಲ ಮಾಡಿ, ಅರ್ಧ ಗಂಟೆ ಒಣಗಲು ಬಿಡಿ. ಬೆಂಕಿ, ದೀಪ ಹತ್ತಿರ ಇರಬಾರದು, ಪೆಟ್ರೋಲಿನ ಹಾಗೆ ಹತ್ತಿಕೊಳ್ಳುತ್ತದೆ.

ಇದರಿಂದ ಆಗದಿದ್ದರೆ ಎರಡೂ ಕಡ್ಡಿ ಮಾರಿ 16 ಜಿಬಿಯ ಒಂದೇ ಕಡ್ಡಿ ಒಂದನೇ ಸ್ಲಾಟ್‌ಗೆ ಹಾಕಿ. ಸ್ವಲ್ಪ ನಿಧಾನ, ಆದರೆ ಬೋರ್ಡಿಗಿಂತ ಅಗ್ಗ.

---

ರಾತ್ರಿಪಾಳಿ | ಶುಕ್ರವಾರ ರಾತ್ರಿ 11:50

ಚೆನ್ನಾಗಿ ಹಿಡಿದಿರಿ ಮೇಡಂ. ಒಂದು ಕಹಿ ಮಾತು ಹೇಳಬೇಕು. ಏಪ್ರಿಲ್‌ನಿಂದ ಈಚೆಗೆ ನೀವು ಸೇವ್ ಮಾಡಿದ ಯಾವ ಫೈಲನ್ನೂ ಕಣ್ಣು ಮುಚ್ಚಿ ನಂಬಬೇಡಿ. ತೆರೆಯದ ಫೈಲು ವಾಸಿ, ಕೆಟ್ಟಿದೆ ಅಂತ ಗೊತ್ತಾಗುತ್ತದೆ. ತೆರೆದು, ಚೆನ್ನಾಗಿಯೇ ಕಂಡು, ಒಳಗೆ ಒಂದು ಕಡೆ ತಪ್ಪಿರುವುದು ಅಪಾಯ. ಕಂಪ್ಯೂಟರ್ ಒಳಗೆ 4 ಮತ್ತು 5ರ ನಡುವೆ ಇರುವುದು ಒಂದೇ ಬಿಟ್‌ನ ವ್ಯತ್ಯಾಸ. ಅದು ಹೀಗೆಯೇ ಆಗಿದೆ ಅನ್ನುತ್ತಿಲ್ಲ, ತೀರಾ ಅಪರೂಪ. ಆದರೆ ನಿಮ್ಮ ಕೈಯಲ್ಲಿರುವುದು ಸೊಸೈಟಿಯ ಲೆಕ್ಕ.

ಸ್ಲಾಟ್ ಸರಿಯಾದ ಮೇಲೆ ಮೊದಲು ಡಿಸ್ಮ್ (ಎಸ್‌ಎಫ್‌ಸಿ ಬಳಸುವ ಮೂಲ ಪ್ರತಿಗಳನ್ನು ಸರಿಪಡಿಸುವುದು), ಆಮೇಲೆ ಎಸ್‌ಎಫ್‌ಸಿ ಓಡಿಸಿ. ಸರಿಯಾಗುವ ಮೊದಲು ಬೇಡ. ಕೆಟ್ಟ ರ‍್ಯಾಮ್ ಇಟ್ಟುಕೊಂಡು ರಿಪೇರಿ ಮಾಡಿದರೆ ರಿಪೇರಿಯೂ ಕೆಡುತ್ತದೆ.

---

ಶಿರಸಿ_ಡಿಟಿಪಿ | ಹದಿನೈದು ದಿನದ ನಂತರ, ಶನಿವಾರ ಸಂಜೆ 5:30

ತಡವಾಯಿತು, ಕ್ಷಮಿಸಿ. ಸರಿ ಆಗಿದೆಯೋ ಇಲ್ಲವೋ ನೋಡದೆ ಬರೆಯಬಾರದು ಅಂತ ಕಾದೆ.

ಐಪಿಎ ಸಿಕ್ಕಿತು. ಮೊಬೈಲ್ ಅಂಗಡಿಯ ಹುಡುಗ ಒಂದು ಸಣ್ಣ ಬಾಟಲಿಯಲ್ಲಿ ಹಾಕಿಕೊಟ್ಟ, ದುಡ್ಡು ಬೇಡ ಅಂದ. ಅವನ ಅಕ್ಕನ ಮದುವೆ ಕಾರ್ಡು ನಾನೇ ಮಾಡಿದ್ದಂತೆ. ಬ್ರಷ್ ಎಳೆದ ಮೊದಲ ಸಲಕ್ಕೆ ಕೂದಲ ತುದಿ ಕಂದಾಯಿತು, ಎರಡನೆಯದಕ್ಕೂ ಅದೇ. ಮೂರನೇ ಸಲ ಬರೀ ಬಿಳಿ. ಅರ್ಧ ಗಂಟೆ ಅಂದಿದ್ದಿರಿ, ನಮ್ಮ ಹವೆಗೆ ಸಾಲದು ಅಂತ ಎರಡು ಗಂಟೆ ಫ್ಯಾನ್ ಕೆಳಗೆ ಇಟ್ಟೆ.

ಎರಡೂ ರ‍್ಯಾಮ್ ಹಾಕಿ ಮೆಮ್‌ಟೆಸ್ಟ್ ಹಚ್ಚಿದೆ. ನಾಲ್ಕು ಸುತ್ತು, ಸೊನ್ನೆ. ನಂಬಿಕೆ ಬರಲಿಲ್ಲ, ಮರುದಿನ ರಾತ್ರಿ ಮತ್ತೆ ಹಚ್ಚಿದೆ. ಸೊನ್ನೆ. ಆಮೇಲೆ ಡಿಸ್ಮ್, ಎಸ್‌ಎಫ್‌ಸಿ. ಎಸ್‌ಎಫ್‌ಸಿ ಒಮ್ಮೆ ಸರಿ ಮಾಡಿತು, ನಾಲ್ಕು ದಿನ ಬಿಟ್ಟು ಓಡಿಸಿದರೆ "ಏನೂ ತಪ್ಪಿಲ್ಲ" ಅಂತು. ಇವತ್ತಿಗೆ ಹನ್ನೊಂದು ದಿನ, ಒಂದೂ ಕಪ್ಪು ಪರದೆ ಇಲ್ಲ. ಬೆಳಿಗ್ಗೆ ಹೊತ್ತೂ ಇಲ್ಲ. ಮಿನಿಡಂಪ್ ಫೋಲ್ಡರ್ ಇನ್ನೂ ಹುಟ್ಟಿಯೇ ಇಲ್ಲ, ಈ ಸಲ ಒಳ್ಳೆಯ ಕಾರಣಕ್ಕೆ.

ಸಿಪಿಯು ಈಗ ಅಜ್ಜನ ಕಾಲದ ಹಲಸಿನ ಮಣೆಯ ಮೇಲೆ, ಅದರ ಕೆಳಗೆ ನಾಲ್ಕು ಇಟ್ಟಿಗೆ. ಕೆಲಸ ಇರಲಿ ಬಿಡಲಿ ದಿನಾ ಒಂದು ಗಂಟೆ ಆನ್ ಮಾಡಿಡುತ್ತೇನೆ, ಒಳಗೆ ಬೆಚ್ಚಗಿರಲಿ ಅಂತ. ಮೇಲೆ ಹೊದಿಸುತ್ತಿದ್ದ ಕಸೂತಿ ಬಟ್ಟೆ ತೆಗೆದೆ. ಅತ್ತೆಯವರು ಹಾಕಿದ ಕಸೂತಿ ಅದು, ಹಾಗಾಗಿ ಈಗ ಟಿವಿ ಮೇಲಿದೆ.

ರಾತ್ರಿಪಾಳಿ ಸರ್, ನಿಮ್ಮ ಮಾತು ಓದಿ ಅವತ್ತು ನಿದ್ದೆ ಬರಲಿಲ್ಲ. ಏಪ್ರಿಲ್‌ನಿಂದ ಮಾಡಿದ 58 ಫೈಲು ಒಂದೊಂದಾಗಿ ತೆರೆದೆ. ಮೂರು ತೆರೆಯಲಿಲ್ಲ. ಮೂರೂ ಮುಗಿದು ಹೋದ ಮದುವೆಗಳದ್ದು, ಬಚಾವ್. ಸೊಸೈಟಿ ವರದಿಯನ್ನು ಸೆಕ್ರೆಟರಿಯವರ ಹಸ್ತಪ್ರತಿ ಇಟ್ಟುಕೊಂಡು ಮಗಳ ಹತ್ತಿರ ಗಟ್ಟಿಯಾಗಿ ಓದಿಸಿದೆ. ಅವಳು ಓದುವುದು, ನಾನು ಪರದೆ ಮೇಲೆ ಬೆರಳಿಟ್ಟು ನೋಡುವುದು. 31ನೇ ಪುಟದಲ್ಲಿ ಒಂದು ಅಂಕಿ ತಪ್ಪಿತ್ತು. 6 ಇರಬೇಕಾದ ಕಡೆ 9. ಕಂಪ್ಯೂಟರ್ ಮೇಲೆ ಹಾಕೋಣ ಅಂತ ಆಸೆಯಾಯಿತು. ಆದರೆ ಹಸ್ತಪ್ರತಿಯ ಆ ಅಂಕಿಯನ್ನು ನಾನೇ ತಲೆಕೆಳಗಾಗಿ ಓದಿದ್ದೆ, ಪಕ್ಕದಲ್ಲಿ ನನ್ನದೇ ಪೆನ್ಸಿಲ್ ಗುರುತು ಇದೆ.

ಬಸ್ಯಾ ತಮ್ಮಾ, ಯುಪಿಎಸ್ ಬಗ್ಗೆ ಕೇಳಿದ್ದೆಯಲ್ಲ. ಬಿಚ್ಚಿ ನೋಡಿದೆ. ಬ್ಯಾಟರಿ ಹೊಟ್ಟೆ ಊದಿಕೊಂಡಿದೆ. ಮೇಲೆ 12 ವೋಲ್ಟ್, 7 ಎಎಚ್ ಅಂತ ಬರೆದಿದೆ. ಬ್ಯಾಟರಿ ಮಾತ್ರ ತಂದು ನಾನೇ ಹಾಕಬಹುದಾ, ಎರಡು ವೈರ್ ಅಷ್ಟೇ ಕಾಣುತ್ತಿದೆ? ಅದಕ್ಕೆ ಬೇರೆ ಪ್ರಶ್ನೆ ಹಾಕುತ್ತೇನೆ, ಅಲ್ಲಿ ಬಾ. ಈ ಸಲ ಹೆಸರಿಗೆ ತಕ್ಕ ವಿಷಯ.

---

ಬ್ಯಾಟರಿ_ಬಸ್ಯಾ | ಶನಿವಾರ ಸಂಜೆ 5:41

ಬಂದೆ ಅಕ್ಕಾರ. ಊದಿದ ಬ್ಯಾಟರಿಯನ್ನು ಚುಚ್ಚಬೇಡಿ, ಗುಜರಿಗೂ ಹಾಕಬೇಡಿ. ಹೊಸದು ಕೊಳ್ಳುವಾಗ ಅಂಗಡಿಯಲ್ಲೇ ಕೊಟ್ಟರೆ ಹಳೆಯದಕ್ಕೆ ಸ್ವಲ್ಪ ದುಡ್ಡು ಕಡಿಮೆ ಮಾಡುತ್ತಾರೆ. ಕೆಂಪು ವೈರ್ ಕೆಂಪಿಗೆ, ಕಪ್ಪು ಕಪ್ಪಿಗೆ. ಬಿಚ್ಚುವ ಮೊದಲು ಫೋಟೋ ತೆಗೆದು ಹಾಕಿರಿ, ನೋಡಿ ಹೇಳುತ್ತೇನೆ.